ಐಸ್ ರಿಂಕ್ ಒಳಗೆ ಮಳೆಗಾಲ: ಮಂಜು, ತೊಟ್ಟಿಕ್ಕುವ ಚಾವಣಿ, ಮಕ್ಕಳ ತಲೆನೋವು

ಪ್ರಶ್ನೆ: ಮುಂಬೈನ ಮುಲುಂಡ್‌ನಲ್ಲಿ ನಾವು ಮೂವರು ಸ್ನೇಹಿತರು ಸೇರಿ ಒಂದು ಕಟ್ಟಡದ ಮೇಲಿನ ಮಹಡಿಯಲ್ಲಿ ಚಿಕ್ಕ ಐಸ್ ಸ್ಕೇಟಿಂಗ್ ರಿಂಕ್ ನಡೆಸುತ್ತಿದ್ದೇವೆ. ಐಸ್ 30 ಮೀಟರ್ ಉದ್ದ, 18 ಮೀಟರ್ ಅಗಲ, ಚಾವಣಿ 6 ಮೀಟರ್ ಎತ್ತರ. ಡಿಸೆಂಬರ್‌ನಲ್ಲಿ ಶುರು ಮಾಡಿದಾಗ ಎಲ್ಲ ಚೆನ್ನಾಗಿತ್ತು. ಜೂನ್‌ನಿಂದ ಐಸ್ ಮೇಲೆ ಮೊಣಕಾಲೆತ್ತರ ಮಂಜು ನಿಲ್ಲುತ್ತಿದೆ. ಚಾವಣಿಯಿಂದ ಹನಿ ಬಿದ್ದು ಐಸ್ ಮೇಲೆ ಗಂಟು ಗಂಟಾಗುತ್ತದೆ. ಮುಗ್ಗಲು ವಾಸನೆ ಬೇರೆ. ಕರೆಂಟ್ ಬಿಲ್ ಒಂದೂವರೆ ಪಟ್ಟಾಗಿದೆ. ಎಸಿ ಕಂಟ್ರಾಕ್ಟರ್ ಎರಡು ಎಕ್ಸಾಸ್ಟ್ ಫ್ಯಾನ್ ಹಾಕಿಸಿದರು, ಮಂಜು ಇನ್ನೂ ಜಾಸ್ತಿಯಾಯಿತು. ಇನ್ನೊಬ್ಬರು ಎಲ್ಲ ಮುಚ್ಚಿಬಿಡಿ, ಹೊರಗಿನ ಗಾಳಿಯೇ ಬೇಡ ಅಂದರು. ಮತ್ತೊಬ್ಬರು ಮನೆಗೆ ಬಳಸುವ ಡಿಹ್ಯುಮಿಡಿಫೈಯರ್ (ಗಾಳಿಯ ತೇವ ತೆಗೆಯುವ ಯಂತ್ರ) ನಾಲ್ಕು ತನ್ನಿ ಅನ್ನುತ್ತಾರೆ. ಐಸ್ ಕರಗಿ ಆವಿಯಾಗುತ್ತಿದೆ ಅಂದುಕೊಂಡು ಅದನ್ನು ಮೈನಸ್ 8 ಡಿಗ್ರಿಗೆ ಇಳಿಸಿದ್ದೇವೆ. ಏನು ಮಾಡಬೇಕು? ಇನ್ನೊಂದು ವಿಷಯ, ಐಸ್ ನಯಮಾಡಲು ಗ್ಯಾಸ್‌ನಲ್ಲಿ ಓಡುವ ಹಳೆಯ ಗಾಡಿ ಕೊಂಡಿದ್ದೇವೆ. ಸಂಜೆ ಬ್ಯಾಚ್‌ನ ಕೆಲವು ಮಕ್ಕಳು ತಲೆನೋವು ಅನ್ನುತ್ತಾರೆ. ಚಳಿಗೆ ಇರಬೇಕು ಅಲ್ವಾ?

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ಮಂಜು ನಾಳೆಯವರೆಗೆ ಕಾಯಬಹುದು, ತಲೆನೋವು ಕಾಯುವುದಿಲ್ಲ.

ಆ ಗಾಡಿಯನ್ನು ಇವತ್ತೇ ನಿಲ್ಲಿಸಿ. ಗ್ಯಾಸ್ ಆಗಲಿ ಪೆಟ್ರೋಲ್ ಆಗಲಿ, ಎಂಜಿನ್ ಓಡಿದರೆ ಕಾರ್ಬನ್ ಮೊನಾಕ್ಸೈಡ್ ಮತ್ತು ನೈಟ್ರೋಜನ್ ಡೈಆಕ್ಸೈಡ್ ಹೊರಬರುತ್ತವೆ. ಹಳೆಯ ಎಂಜಿನ್, ಸರಿಯಾಗಿ ಟ್ಯೂನ್ ಆಗಿಲ್ಲದ್ದು ಅಂದರೆ ಇನ್ನೂ ಜಾಸ್ತಿ. ಬೇರೆ ಕಡೆ ಈ ಹೊಗೆ ಮೇಲೇರಿ ಚದುರಿಹೋಗುತ್ತದೆ. ರಿಂಕ್‌ನಲ್ಲಿ ಹಾಗಾಗುವುದಿಲ್ಲ. ಐಸ್ ಮೇಲಿನ ಗಾಳಿ ತಣ್ಣಗೆ, ಭಾರವಾಗಿ ಕೆಳಗೇ ಕೂತಿರುತ್ತದೆ. ಸುತ್ತಲೂ ತಡೆಗೋಡೆ, ಅದರ ಮೇಲೆ ಗಾಜು. ದೊಡ್ಡ ಬಾಣಲೆಯಲ್ಲಿ ನಿಂತ ನೀರಿನ ಹಾಗೆ ಹೊಗೆ ಅಲ್ಲೇ ನಿಲ್ಲುತ್ತದೆ. ಅದೇ ಎತ್ತರದಲ್ಲಿ ಮಕ್ಕಳ ಮೂಗು ಇರುತ್ತದೆ. ಅವರು ಸುಮ್ನೆ ನಿಂತಿರುವುದೂ ಇಲ್ಲ, ಏದುಸಿರು ಬಿಡುತ್ತ ಆಡುತ್ತಿರುತ್ತಾರೆ.

ಚಳಿಗೆ ತಲೆನೋವು ಬರುವುದೇ ಇಲ್ಲ ಅಂತ ಹೇಳುತ್ತಿಲ್ಲ. ಆದರೆ ಒಂದೇ ಬ್ಯಾಚ್‌ನ ಹಲವು ಮಕ್ಕಳಿಗೆ, ಅದೂ ಗಾಡಿ ಓಡಿದ ಮೇಲೆ, ಮನೆಗೆ ಹೋದ ಮೇಲೆ ಕಡಿಮೆಯಾಗುವ ತಲೆನೋವು ಬಂದರೆ ನಾನು ಮೊದಲು ಅನುಮಾನಿಸುವುದು ಕಾರ್ಬನ್ ಮೊನಾಕ್ಸೈಡನ್ನೇ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಇನ್ನು ಮುಂದೆ ಯಾವ ಮಗುವಾದರೂ ತಲೆಸುತ್ತು, ವಾಂತಿ, ಮಂಪರು ಅಂದರೆ ಕೂಡಲೇ ಹೊರಗೆ ಕರೆತಂದು ಡಾಕ್ಟರ ಬಳಿ ಕರೆದೊಯ್ಯಿರಿ. ಎಂಜಿನ್ ಹೊಗೆ ಕುಡಿದಿರಬಹುದು ಅಂತ ಬಾಯಿಬಿಟ್ಟು ಹೇಳಿ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇಲ್ಲಿ ಮೋಸ ಮಾಡುತ್ತದೆ. ರಕ್ತದಲ್ಲಿ ಸೇರಿದ ಮೊನಾಕ್ಸೈಡನ್ನೂ ಅದು ಆಕ್ಸಿಜನ್ ಅಂತಲೇ ಎಣಿಸಿ 98 ತೋರಿಸಬಹುದು. ರಕ್ತಪರೀಕ್ಷೆಯೇ ಬೇಕು. ನೈಟ್ರೋಜನ್ ಡೈಆಕ್ಸೈಡ್‌ನ ದಾರಿ ಬೇರೆ. ಅದು ಶ್ವಾಸಕೋಶವನ್ನು ಕೆರಳಿಸುತ್ತದೆ, ಕೆಮ್ಮು ಮತ್ತು ಉಬ್ಬಸ ಎಷ್ಟೋ ಗಂಟೆ ತಡವಾಗಿಯೂ ಶುರುವಾಗಬಹುದು. ರಾತ್ರಿ ಕೆಮ್ಮಿದ ಮಗುವಿನ ಅಪ್ಪ ಅಮ್ಮನಿಗೆ ಸಂಜೆಯ ಸ್ಕೇಟಿಂಗ್ ನೆನಪಾಗುವುದೇ ಇಲ್ಲ. ಹಾಗಾಗಿ ಮನೆಯವರಿಗೆ ನೀವಾಗಿಯೇ ತಿಳಿಸಿ.

ನಿಮ್ಮ ಐಸ್ ಚಿಕ್ಕದು. 540 ಚದರ ಮೀಟರ್‌ಗೆ ಬ್ಯಾಟರಿ ಗಾಡಿ ಸಾಕು. ಅದು ಬರುವವರೆಗೆ ಇಬ್ಬರು ಸೇರಿ ಐಸ್ ಕೆರೆದು, ಚಕ್ರದ ಟ್ಯಾಂಕ್‌ನಿಂದ ನೀರು ಬಿಟ್ಟು, ಹಿಂದೆ ಒದ್ದೆ ಬಟ್ಟೆ ಎಳೆದರೂ ನಡೆಯುತ್ತದೆ. 1949ರಲ್ಲಿ ಅಮೆರಿಕದ ಫ್ರಾಂಕ್ ಜಾಂಬೋನಿ ಈ ಬಗೆಯ ಗಾಡಿ ಕಟ್ಟುವ ತನಕ ರಿಂಕ್‌ಗಳಲ್ಲಿ ಕೈಯಿಂದಲೇ ಈ ಕೆಲಸ ಆಗುತ್ತಿತ್ತು. ಜೊತೆಗೆ ಒಳ್ಳೆಯ ಕಾರ್ಬನ್ ಮೊನಾಕ್ಸೈಡ್ ಮೀಟರ್ ಕೊಳ್ಳಿ. ಅಂಗಡಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಮೀಟರ್ ಕೊಟ್ಟು ಕಳಿಸುತ್ತಾರೆ, ನೋಡಿಕೊಳ್ಳಿ. ಅದು ಬೇರೆ, ಇದು ಬೇರೆ. ಮೀಟರ್ ಚಾವಣಿಗೆ ಹಾಕಬೇಡಿ. ತಡೆಗೋಡೆಯ ಒಳಬದಿಗೆ, ಮಗುವಿನ ಮುಖದ ಎತ್ತರಕ್ಕೆ ಹಾಕಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಕಾರ್ಬನ್ ಮೊನಾಕ್ಸೈಡ್ ಒಂದು ಗಂಟೆಯ ಸರಾಸರಿಯಲ್ಲಿ ಘನ ಮೀಟರ್‌ಗೆ 35 ಮಿಲಿಗ್ರಾಂ ಮೀರಬಾರದು. ಮೀಟರ್ ಭಾಷೆಯಲ್ಲಿ ಅದು ಸುಮಾರು 30 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 30 ಪಾಲು. ಆದರೆ 30 ಆಗುವವರೆಗೆ ಕಾಯಬೇಡಿ. ಎಂಜಿನ್ ಇಲ್ಲದ ರಿಂಕ್‌ನಲ್ಲಿ ಅದು ಸೊನ್ನೆಯ ಹತ್ತಿರ ಇರಬೇಕು. 10 ತೋರಿಸಿದರೂ ಎಲ್ಲಿಂದ ಬಂತು ಅಂತ ಹುಡುಕಿ.

ಇನ್ನು ಮಂಜಿಗೆ ಬರೋಣ.

ನಾನು 24 ವರ್ಷದಿಂದ ಪುಣೆಯಲ್ಲಿದ್ದು ರೆಫ್ರಿಜರೇಷನ್ ಕೆಲಸ ಮಾಡುತ್ತಿದ್ದೇನೆ. ಗೋವಾದ ಮೀನಿನ ಕೋಲ್ಡ್ ಸ್ಟೋರೇಜ್, ಔಷಧಿ ಕಾರ್ಖಾನೆಗಳ ಒಣ ಕೋಣೆ, ಕೆಲವು ರಿಂಕ್‌ಗಳು. ಎಲ್ಲ ಕಡೆ ಜನ ಕೇಳುವ ಮೊದಲ ಪ್ರಶ್ನೆ ಒಂದೇ: ಹ್ಯುಮಿಡಿಟಿ, ಅಂದರೆ ಗಾಳಿಯ ತೇವ, ಶೇಕಡಾ ಎಷ್ಟಿರಬೇಕು? ರಿಂಕ್ ನಡೆಸುವವರು ಮೊದಲು ನೋಡಬೇಕಾದ್ದು ಆ ಶೇಕಡಾ ಅಲ್ಲ. ಅದು ಗಾಳಿ ಬಿಸಿಯಾದರೆ ಇಳಿಯುತ್ತದೆ, ತಣ್ಣಗಾದರೆ ಏರುತ್ತದೆ. ಒಳಗಿರುವ ನೀರು ಮಾತ್ರ ಅಷ್ಟೇ ಇರುತ್ತದೆ. ಹೀಟರ್ ಹಾಕಿ ಶೇ. 90ರಿಂದ 60ಕ್ಕೆ ಇಳಿಸಿದೆವು ಅಂತ ಖುಷಿಪಟ್ಟವರನ್ನು ನೋಡಿದ್ದೇನೆ. ಒಂದು ಹನಿ ನೀರೂ ಹೊರಗೆ ಹೋಗಿರಲಿಲ್ಲ.

ನೋಡಬೇಕಾದ್ದು ಡ್ಯೂ ಪಾಯಿಂಟ್. ಅಂದರೆ ಗಾಳಿಯನ್ನು ಎಷ್ಟಕ್ಕೆ ತಣ್ಣಗೆ ಮಾಡಿದರೆ ಅದರೊಳಗಿನ ನೀರು ಇಬ್ಬನಿಯಾಗಿ ಕೂರುತ್ತದೆ ಅನ್ನುವ ಲೆಕ್ಕ. ಮಾಟುಂಗದ ಉಡುಪಿ ಹೋಟೆಲಿನಲ್ಲಿ ಸ್ಟೀಲ್ ಲೋಟದಲ್ಲಿ ತಣ್ಣೀರು ತಂದಿಡುತ್ತಾರಲ್ಲ, ಎರಡು ನಿಮಿಷದಲ್ಲಿ ಲೋಟದ ಹೊರಮೈ ಬೆವರುತ್ತದೆ. ಲೋಟ ಸೋರಿಲ್ಲ, ಆ ನೀರು ಗಾಳಿಯದು. ಲೋಟದ ಮೈ ಗಾಳಿಯ ಡ್ಯೂ ಪಾಯಿಂಟ್‌ಗಿಂತ ತಣ್ಣಗಿದೆ, ಅಷ್ಟೇ. ನಿಮ್ಮ ಚಾವಣಿಗೆ ಆಗುತ್ತಿರುವುದೂ ಅದೇ.

ಜುಲೈನಲ್ಲಿ ಮುಂಬೈನ ಗಾಳಿ 28 ಡಿಗ್ರಿ, ಹ್ಯುಮಿಡಿಟಿ ಶೇ. 90 ಇದ್ದಾಗ ಡ್ಯೂ ಪಾಯಿಂಟ್ 26 ಡಿಗ್ರಿ. ಅಂಥ ಗಾಳಿಯ ಒಂದೊಂದು ಘನ ಮೀಟರ್‌ನಲ್ಲೂ ಸುಮಾರು 24 ಗ್ರಾಂ ನೀರು. ರಿಂಕ್ ಒಳಗೆ ಬೇಕಾದ್ದು 10ರಿಂದ 12 ಡಿಗ್ರಿ ಗಾಳಿ, 3 ಡಿಗ್ರಿ ಡ್ಯೂ ಪಾಯಿಂಟ್. ಆಗ ಘನ ಮೀಟರ್‌ಗೆ 6 ಗ್ರಾಂ ನೀರೂ ಇರುವುದಿಲ್ಲ. ನಿಮ್ಮ ಐಸ್ ಮೇಲಿರುವ 3,200 ಘನ ಮೀಟರ್ ಗಾಳಿಯನ್ನೆಲ್ಲ ಹಿಂಡಿದರೂ 19 ಲೀಟರ್ ಸಿಗಬೇಕು, ಅಷ್ಟೇ. ಈಗ ನಿಮ್ಮ ಎಕ್ಸಾಸ್ಟ್ ಫ್ಯಾನ್ ನೋಡಿ. ಅಡುಗೆಮನೆಗೆ ಹಾಕುವ 12 ಇಂಚಿನದೇ ಗಂಟೆಗೆ 1,000 ಘನ ಮೀಟರ್ ಗಾಳಿಯನ್ನು ಹೊರಹಾಕುತ್ತದೆ. ಹೊರಗೆ ಹೋದಷ್ಟೇ ಗಾಳಿ ಒಳಗೆ ಬರಲೇಬೇಕು. ಬಾಗಿಲ ಸಂದಿ, ಪೈಪಿನ ತೂತು, ಶೀಟಿನ ಜೋಡಣೆ, ಎಲ್ಲಿಂದಲಾದರೂ ನುಗ್ಗುತ್ತದೆ. ಹಾಗೆ ನುಗ್ಗಿದ ಗಾಳಿ ಗಂಟೆಗೆ 18 ಲೀಟರ್ ಹೆಚ್ಚುವರಿ ನೀರು ತರುತ್ತದೆ. ಇಡೀ ಹಾಲ್‌ನ ಗಾಳಿಯಲ್ಲಿ ಇರಬೇಕಾದ ನೀರಿನ ಹತ್ತಿರ ಹತ್ತಿರ ಅಷ್ಟನ್ನೇ ಒಂದೇ ಫ್ಯಾನ್ ಒಂದೇ ಗಂಟೆಯಲ್ಲಿ ಎಳೆದು ತಂದಿತು. ನೀವು ಎರಡು ಹಾಕಿಸಿದ್ದೀರಿ. ಮಂಜು ಜಾಸ್ತಿಯಾಗದೆ ಇನ್ನೇನಾಗುತ್ತದೆ?

ಕರೆಂಟ್ ಬಿಲ್ಲಿನ ಉತ್ತರವೂ ಇಲ್ಲೇ ಇದೆ. ನೀರಾವಿ ಐಸ್ ಮೇಲೆ ಕೂತು ಗಟ್ಟಿಯಾಗುವಾಗ ಕಿಲೋಗೆ ಸುಮಾರು 2,800 ಕಿಲೋಜೂಲ್ ಶಾಖ ಬಿಡುತ್ತದೆ. ಆ 18 ಲೀಟರ್ ಪೂರ್ತಿ ಐಸ್ ಮೇಲೆ ಕೂತರೆ 4 ಟನ್ ಎಸಿಯಷ್ಟು ಹೊರೆ. ಅದನ್ನು ಎಳೆದುಹಾಕಲು ಐಸ್ ತಣ್ಣಗಿಡುವ ಯಂತ್ರ, ಅಂದರೆ ಚಿಲ್ಲರ್, ಗಂಟೆಗೆ ಐದಾರು ಯೂನಿಟ್ ತಿನ್ನುತ್ತದೆ. ಹಗಲೂ ರಾತ್ರಿ.

ಐಸ್ ಕರಗಿ ಆವಿಯಾಗುತ್ತಿದೆ ಅನ್ನುವ ನಂಬಿಕೆ ತುಂಬ ಸಹಜ. ಬಿಳಿ ಮಂಜು ಐಸ್‌ನಿಂದಲೇ ಏಳುತ್ತಿರುವ ಹಾಗೆ ಕಾಣುತ್ತದಲ್ಲ. ಆದರೆ ನಡೆಯುತ್ತಿರುವುದು ಪೂರಾ ಉಲ್ಟಾ. ನಿಮ್ಮ ಹಾಲ್‌ನಲ್ಲಿ ಎಲ್ಲಕ್ಕಿಂತ ತಣ್ಣಗಿನ ಮೈ ಐಸ್‌ನದು. ಗಾಳಿಯ ತೇವವನ್ನು ಅದೇ ಎಳೆದುಕೊಳ್ಳುತ್ತದೆ. ನಿಮ್ಮ ಐಸ್ ಈಗ 540 ಚದರ ಮೀಟರ್‌ನ ಡಿಹ್ಯುಮಿಡಿಫೈಯರ್ ಆಗಿ ದುಡಿಯುತ್ತಿದೆ, ಆ ಕೂಲಿಯನ್ನು ನೀವು ಬಿಲ್ಲಿನಲ್ಲಿ ಕಟ್ಟುತ್ತಿದ್ದೀರಿ. ಮಂಜು ಅಂದರೆ ಒದ್ದೆ ಗಾಳಿ ಐಸ್ ಮೇಲಿನ ತಣ್ಣನೆ ಗಾಳಿಗೆ ಬೆರೆತ ಗುರುತು. ಐಸ್ ಇನ್ನೂ ತಣ್ಣಗಾದರೆ ಅದು ಇನ್ನೂ ಜಾಸ್ತಿ ಎಳೆಯುತ್ತದೆ, ಚಾವಣಿಯೂ ಇನ್ನೂ ತಣ್ಣಗಾಗುತ್ತದೆ. ಮೈನಸ್ 8 ಬೇಡ. ದಿನಕ್ಕೆ ಒಂದು ಡಿಗ್ರಿಯಂತೆ ಮೈನಸ್ 4ರ ಹತ್ತಿರ ತನ್ನಿ. ಕಲಿಯುವ ಮಕ್ಕಳಿಗೆ ಅದು ಸಾಕು, ಸ್ವಲ್ಪ ಮೆತ್ತಗಿನ ಐಸ್‌ನಲ್ಲಿ ಬ್ಲೇಡ್ ಚೆನ್ನಾಗಿ ಕಚ್ಚುತ್ತದೆ ಕೂಡ.

ಐಸ್ ಕೆಳಗಿದೆ, 6 ಮೀಟರ್ ಮೇಲಿನ ಚಾವಣಿ ಏಕೆ ತಣ್ಣಗಾಗಬೇಕು ಅಂತ ನಿಮಗನ್ನಿಸಬಹುದು. ಊರಲ್ಲಿ ಚಳಿಗಾಲದ ಬೆಳಗ್ಗೆ ನೆನಪಿಸಿಕೊಳ್ಳಿ. ಬಯಲಲ್ಲಿ ನಿಲ್ಲಿಸಿದ ಕಾರಿನ ಮೇಲೆಲ್ಲ ಇಬ್ಬನಿ. ಪಕ್ಕದಲ್ಲೇ ಹುಣಸೆಮರದ ಕೆಳಗೆ ನಿಲ್ಲಿಸಿದ ಕಾರು ಒಣಗಿರುತ್ತದೆ. ಎರಡಕ್ಕೂ ಗಾಳಿ ಒಂದೇ. ಬಯಲಿನ ಕಾರು ರಾತ್ರಿಯಿಡೀ ತಣ್ಣನೆ ಆಕಾಶಕ್ಕೆ ಮುಖ ಮಾಡಿ ತನ್ನ ಶಾಖ ಕಳೆದುಕೊಂಡಿತು, ಮರದ ಕೆಳಗಿನದಕ್ಕೆ ಮರ ಅಡ್ಡ ಬಂತು. ರಿಂಕ್‌ನಲ್ಲಿ ಆಕಾಶದ ಜಾಗದಲ್ಲಿ ಐಸ್ ಇದೆ. ಚಾವಣಿ ಇಡೀ ದಿನ ಅದಕ್ಕೆ ಮುಖ ಮಾಡಿ ಶಾಖ ಕೊಡುತ್ತಲೇ ಇರುತ್ತದೆ, ಗಾಳಿಗಿಂತ ತಣ್ಣಗಾಗುತ್ತದೆ, ಬೆವರುತ್ತದೆ.

ಹನಿ ಮಳೆಯ ಸೋರಿಕೆಯೋ ಬೆವರೋ ಅಂತ ತಿಳಿಯಲು ದುಡ್ಡು ಬೇಕಿಲ್ಲ. ಮಳೆ ಬಿಡುವು ಕೊಟ್ಟ ದಿನವೂ ಬೀಳುತ್ತದೆಯೇ? ಐಸ್‌ನ ನೇರ ಮೇಲೆ ಮಾತ್ರ ಬೀಳುತ್ತದೆಯೇ, ಸ್ಕೇಟ್ ಬಾಡಿಗೆ ಕೊಡುವ ಕೌಂಟರ್ ಮೇಲೆ ಇಲ್ಲವೇ? ಕಬ್ಬಿಣದ ತೊಲೆ, ಬೋಲ್ಟ್‌ನ ತುದಿಯಲ್ಲಿ ಸಾಲಾಗಿ ಹನಿ ಕಟ್ಟಿದೆಯೇ? ಹೌದಾದರೆ ಅದು ಬೆವರು. ಒಂದು ರಿಂಕ್‌ನಲ್ಲಿ ಬೆಳಗಿನ ಜಾವ ಟಾರ್ಚ್ ಹಿಡಿದು ನಿಂತಿದ್ದೆ. ತೊಲೆಯ ಒಂದೊಂದು ಬೋಲ್ಟ್ ಕೆಳಗೂ ಐಸ್ ಮೇಲೆ ಹೆಬ್ಬೆರಳಷ್ಟು ಗಾತ್ರದ ಗುಬುಟು, ಅಳತೆ ಇಟ್ಟು ಜೋಡಿಸಿದ ಹಾಗೆ. ಮೇಲೆ ನೋಡುವುದೇ ಬೇಡ, ಐಸ್ ನೋಡಿದರೆ ಚಾವಣಿಯ ನಕ್ಷೆ ಸಿಗುತ್ತಿತ್ತು. ಮಗು ವೇಗದಲ್ಲಿ ಬಂದು ಆ ಗುಬುಟಿಗೆ ಬ್ಲೇಡ್ ತಾಗಿಸಿದರೆ ಮುಗ್ಗರಿಸುತ್ತದೆ. ಆದ್ದರಿಂದ ಬ್ಯಾಚ್ ಬಿಡುವ ಮೊದಲು ದಿನಾ ಕೆರೆಯಲೇಬೇಕು.

ಡಿಸೆಂಬರ್‌ನಲ್ಲಿ ಎಲ್ಲ ಚೆನ್ನಾಗಿತ್ತು ಅಂದಿರಿ. ಆಗಲೂ ಈ ಸಂದಿಗಳೆಲ್ಲ ಇದ್ದವು. ಮುಂಬೈ ಡಿಸೆಂಬರ್‌ನ ಗಾಳಿಯಲ್ಲಿ ಜುಲೈನ ಅರ್ಧದಷ್ಟು ನೀರಿರುತ್ತದೆ, ಹಾಗಾಗಿ ತಪ್ಪು ಕಾಣಲಿಲ್ಲ. ನಮ್ಮ ಪುಣೆಯಲ್ಲಂತೂ ಏಪ್ರಿಲ್ ಮಧ್ಯಾಹ್ನ 38 ಡಿಗ್ರಿ ಬಿಸಿಲಲ್ಲೂ ಡ್ಯೂ ಪಾಯಿಂಟ್ 10ರ ಆಸುಪಾಸು ಇರುತ್ತದೆ. ರಿಂಕ್‌ಗೆ ಸುಡುವ ಪುಣೆ ಏಪ್ರಿಲ್, ತಂಪಾದ ಮುಂಬೈ ಜುಲೈಗಿಂತ ಎಷ್ಟೋ ಹಗುರ. ಬಿಸಿಗೆ ಹೆದರಬೇಡಿ, ನೀರಿಗೆ ಹೆದರಿ.

ಹಾಗಾದರೆ ಎಲ್ಲ ಮುಚ್ಚಿಬಿಡುವುದೇ? ಆ ಸಲಹೆ ಅರ್ಧ ಸರಿ. ಸಂದಿಗಳನ್ನು ಮುಚ್ಚಬೇಕು, ನಿಜ. ಆದರೆ ಉಸಿರಾಡುವ ಜನರಿರುವ ಜಾಗಕ್ಕೆ ಹೊಸ ಗಾಳಿ ಬೇಕೇ ಬೇಕು. ಒಬ್ಬರಿಗೆ ಸೆಕೆಂಡಿಗೆ ಸುಮಾರು 10 ಲೀಟರ್ ಅಂತ ನಾನು ಲೆಕ್ಕ ಹಾಕುತ್ತೇನೆ. 60 ಜನರಿದ್ದರೆ ಗಂಟೆಗೆ 2,100 ಘನ ಮೀಟರ್‌ಗೂ ಮೇಲೆ. ಹೊಸ ಗಾಳಿ ಬರಲಿ, ಆದರೆ ಒಂದೇ ದಾರಿಯಲ್ಲಿ ಬರಲಿ, ಒಣಗಿ ಬರಲಿ. ಹೊರಗೆ ಎಳೆಯುವುದಕ್ಕಿಂತ ಒಳಗೆ ತಳ್ಳುವುದು ಸ್ವಲ್ಪ ಜಾಸ್ತಿ ಇರಲಿ. ಆಗ ಸಂದಿಗಳಲ್ಲಿ ಒಣಗಾಳಿ ಹೊರಗೆ ಸೋರುತ್ತದೆಯೇ ಹೊರತು ಒದ್ದೆ ಗಾಳಿ ಒಳಗೆ ಬರುವುದಿಲ್ಲ. ರಿಂಕ್ ಕಟ್ಟುವವರು ಇದೊಂದನ್ನು ಸರಿಯಾಗಿ ಮಾಡಿದ್ದರೆ ನನಗೆ ಬರುವ ಅರ್ಧ ಫೋನ್‌ಗಳು ನಿಲ್ಲುತ್ತಿದ್ದವು.

ಮನೆಬಳಕೆಯ ಡಿಹ್ಯುಮಿಡಿಫೈಯರ್ ಬೇಡ ಅನ್ನುವುದು ಇದಕ್ಕೇ. ಡಬ್ಬಿ ಮೇಲೆ ದಿನಕ್ಕೆ 50 ಲೀಟರ್ ಅಂತ ಬರೆದಿರುವುದು ಬೆಚ್ಚಗಿನ, ಒದ್ದೆ ಕೋಣೆಯ ಲೆಕ್ಕ. 10 ಡಿಗ್ರಿಯಲ್ಲಿ ಅದರ ಕಾಯಿಲ್ ಮೇಲೆ ಹಿಮ ಕಟ್ಟುತ್ತದೆ, ಅರ್ಧ ಹೊತ್ತು ಹಿಮ ಕರಗಿಸುವುದರಲ್ಲೇ ಕಳೆಯುತ್ತದೆ. ಡಬ್ಬಿಯ ಮಾತನ್ನೇ ನಂಬಿದರೂ ನಾಲ್ಕು ಸೇರಿ ದಿನಕ್ಕೆ 200 ಲೀಟರ್. ನಿಮ್ಮ 60 ಜನರ ಹೊಸ ಗಾಳಿಯೊಂದೇ ಗಂಟೆಗೆ 40 ಲೀಟರ್ ಹತ್ತಿರ ತರುತ್ತದೆ.

ಕೆಲಸಕ್ಕೆ ಬರುವುದು ಡೆಸಿಕೆಂಟ್ ಯಂತ್ರ. ಹೊಸ ಶೂ ಡಬ್ಬಿಯಲ್ಲಿ ಚಿಕ್ಕ ಪೊಟ್ಟಣ ಇರುತ್ತದಲ್ಲ, ಸಿಲಿಕಾ ಜೆಲ್, ಅದನ್ನೇ ಜೇನುಗೂಡಿನಂಥ ದೊಡ್ಡ ಚಕ್ರಕ್ಕೆ ಲೇಪಿಸಿರುತ್ತಾರೆ. ಚಕ್ರ ನಿಧಾನಕ್ಕೆ ತಿರುಗುತ್ತದೆ. ಮುಕ್ಕಾಲು ಭಾಗದಲ್ಲಿ ನಿಮ್ಮ ಗಾಳಿ ಹಾದು ಒಣಗುತ್ತದೆ, ಕಾಲು ಭಾಗದಲ್ಲಿ 100 ಡಿಗ್ರಿ ಮೀರಿದ ಬಿಸಿಗಾಳಿ ಹಾದು ಚಕ್ರ ಹೀರಿದ ನೀರನ್ನು ಹೊರಗೆ ಒಯ್ಯುತ್ತದೆ. ಹಿಮ ಕಟ್ಟುವ ಮಾತೇ ಇಲ್ಲ. ಆದರೆ ಮುಂಬೈ ಗಾಳಿಯನ್ನು ನೇರ ಚಕ್ರಕ್ಕೆ ಕೊಟ್ಟರೆ ಹೀಟರ್ ಬಿಲ್ಲಿಗೆ ಕಣ್ಣೀರು ಬರುತ್ತದೆ. ಮೊದಲು ತಣ್ಣೀರಿನ ಕಾಯಿಲ್ ಮೇಲೆ ಹಾಯಿಸಿ 12 ಡಿಗ್ರಿ ಡ್ಯೂ ಪಾಯಿಂಟ್‌ಗೆ ಇಳಿಸಬೇಕು. ನಾಲ್ಕರಲ್ಲಿ ಮೂರು ಪಾಲು ನೀರು ಅಲ್ಲೇ ಅಗ್ಗವಾಗಿ ಬಿದ್ದುಹೋಗುತ್ತದೆ, ಉಳಿದ ಕಾಲು ಪಾಲಿಗೆ ಮಾತ್ರ ಚಕ್ರ. ಚಿಲ್ಲರ್ ಹೊರಗೆ ಎಸೆಯುವ ಶಾಖವನ್ನು ಒಂದಿಷ್ಟು ಹೀಟರ್‌ಗೆ ತಿರುಗಿಸಿದರೆ ಇನ್ನೂ ಉಳಿತಾಯ. ಜನ ಇಲ್ಲದ ಬೆಳಗ್ಗೆ 60 ಜನರ ಗಾಳಿ ಎಳೆಯದ ಹಾಗೆ, ಜನರ ಉಸಿರಿನಿಂದ ಏರುವ ಕಾರ್ಬನ್ ಡೈಆಕ್ಸೈಡ್ ಅಳೆಯುವ ಸೆನ್ಸರ್ ಹಾಕಿಸಿ. ಮೊದಲು ಬೇಡ ಅಂದ ಮೀಟರ್‌ಗೆ ಇಲ್ಲಿ ಕೆಲಸವಿದೆ.

ಇದರ ಅಪಾಯಗಳನ್ನೂ ಹೇಳುತ್ತೇನೆ. ದುಬಾರಿ, ಮೊದಲ ಖರ್ಚೂ ಜಾಸ್ತಿ, ನಡೆಸುವುದೂ ಜಾಸ್ತಿ. ಯಂತ್ರ ಹೊರಬಿಡುವ ಬಿಸಿ ಒದ್ದೆ ಗಾಳಿಯ ಕೊಳವೆ, ಹೊಸ ಗಾಳಿ ಎಳೆಯುವ ಬಾಯಿಯ ಪಕ್ಕದಲ್ಲೇ ಇದ್ದರೆ ತೆಗೆದ ನೀರೇ ವಾಪಸ್ ಬರುತ್ತದೆ. ಇನ್ನೊಂದು ನಾನೇ ಅನುಭವಿಸಿದ್ದು. ಒಂದು ಕಡೆ ಎರಡೇ ವರ್ಷಕ್ಕೆ ಚಕ್ರ ಸತ್ತಿತ್ತು. ಬಾಗಿಲು ತೆಗೆದು ಬೆರಳಾಡಿಸಿದೆ, ಅಂಟು ಅಂಟು. ಮೂಸಿದರೆ ಕರಿದ ಎಣ್ಣೆ ವಾಸನೆ. ಕೆಳಗಿನ ಮಹಡಿಯ ತಿಂಡಿ ಅಂಗಡಿಗಳ ಹೊಗೆ ಕೊಳವೆಯಿಂದ ನಾಲ್ಕು ಅಡಿ ದೂರದಲ್ಲಿ ನಾವು ಗಾಳಿಯ ಬಾಯಿ ಇಟ್ಟಿದ್ದೆವು. ಜಾಗ ಒಪ್ಪಿದವನು ನಾನೇ. ಅಂದಿನಿಂದ ತಾರಸಿಗೆ ಹೋಗಿ ಸಂಜೆ ಏಳು ಗಂಟೆಗೆ, ಎಲ್ಲ ಒಲೆ ಉರಿಯುವ ಹೊತ್ತಿಗೆ, ಮೂಗಿಗೆ ವಾಸನೆ ಬರುತ್ತದೋ ಇಲ್ಲವೋ ನೋಡಿಯೇ ಜಾಗ ಗುರುತು ಮಾಡುತ್ತೇನೆ. ನೀವೂ ಹಾಗೇ ಮಾಡಿ.

ಚಾವಣಿಗೆ ಬೇರೆ ಮದ್ದಿದೆ. ಮಿರುಗುವ ಅಲ್ಯೂಮಿನಿಯಂ ಮೈಯ ಬಟ್ಟೆಯನ್ನು ಐಸ್ ಕಡೆ ಮುಖ ಮಾಡಿ ಎಳೆದು ಕಟ್ಟುತ್ತಾರೆ. ಹೊಳೆಯುವ ಮೈ ಶಾಖವನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಹಾಗಾಗಿ ಅದು ಬೆಚ್ಚಗೇ ಇರುತ್ತದೆ, ಬೆವರುವುದಿಲ್ಲ, ಐಸ್ ಮೇಲಿನ ಹೊರೆಯೂ ಇಳಿಯುತ್ತದೆ. ಬೆಂಕಿ ತಾಳುವ ದರ್ಜೆಯದೇ ಕೊಳ್ಳಿ, ಸ್ಪ್ರಿಂಕ್ಲರ್ ಮುಚ್ಚಿಹೋಗದ ಹಾಗೆ ಫೈರ್ ಸಲಹೆಗಾರರನ್ನು ಕೇಳಿಯೇ ಕಟ್ಟಿಸಿ. ಅದಕ್ಕೆ ಬಣ್ಣ ಬಳಿದರೆ, ಧೂಳು ಕೂರಲು ಬಿಟ್ಟರೆ ಉಪಯೋಗ ಹೋಯಿತು. ಥರ್ಮಾಕೋಲ್ ಫಾಲ್ಸ್ ಸೀಲಿಂಗ್ ಮಾತ್ರ ಹಾಕಿಸಬೇಡಿ. ಆವಿ ಅದರ ಸಂದಿಯಲ್ಲಿ ನುಸುಳಿ ಮೇಲೆ ನೀರಾಗಿ ನಿಲ್ಲುತ್ತದೆ, ಬೂಸ್ಟು ಬರುತ್ತದೆ. ನಿಮ್ಮ ಮುಗ್ಗಲು ವಾಸನೆ ಬಹುಶಃ ಅಂಥದ್ದೇ ಯಾವುದೋ ಮುಚ್ಚಿದ ಜಾಗದಿಂದ ಬರುತ್ತಿದೆ. ಸೆಂಟ್ ಸಿಂಪಡಿಸುವ ಬದಲು ಒಂದೆರಡು ಶೀಟ್ ಬಿಚ್ಚಿ ನೋಡಿ. ಗೋಡೆಗೆ ಆವಿ ತಡೆಯುವ ಪದರ ಹಾಕಿಸುವುದಾದರೆ ನಮ್ಮ ಹವೆಗೆ ಅದು ಹೊರಬದಿಗೆ, ಬೆಚ್ಚಗಿನ ಕಡೆಗೆ ಇರಬೇಕು.

ದುಡ್ಡು ಈಗಲೇ ಇಲ್ಲ ಅಂದರೆ ಈ ಮಳೆಗಾಲಕ್ಕೆ ಹೀಗೆ ಮಾಡಬಹುದು. ಎಂಜಿನ್ ಗಾಡಿ ಹೊರಗೆ ಹೋದ ಮೇಲೆ ಎಕ್ಸಾಸ್ಟ್ ಫ್ಯಾನ್ ಎರಡನ್ನೂ ನಿಲ್ಲಿಸಿ, ಬಾಯಿ ಮುಚ್ಚಿ. ಗಾಡಿ ಒಳಗೆ ಓಡುವವರೆಗೆ ಮಾತ್ರ ಮುಚ್ಚಬೇಡಿ, ಮಂಜಾದರೂ ಸರಿ. ಬಾಗಿಲಿಗೆ ಎರಡನೇ ಬಾಗಿಲು ಕೊಡಿ, ಒಂದು ಮುಚ್ಚಿದ ಮೇಲೆ ಇನ್ನೊಂದು ತೆರೆಯಲಿ. ಕಟ್ಟಡದ ಎಸಿ ಕಾರಿಡಾರ್ ಗಾಳಿ ಒಣಗಿದೆ ಅನ್ನಿಸುತ್ತದೆ, ಆದರೆ 24 ಡಿಗ್ರಿ, ಶೇ. 55 ಅಂದರೂ ಅದರ ಡ್ಯೂ ಪಾಯಿಂಟ್ 14. ನಿಮಗೆ ಅದೂ ಒದ್ದೆಯೇ. ಆದರೂ ಹೊರಗಿನದಕ್ಕಿಂತ ಎಷ್ಟೋ ವಾಸಿ, ಹೊಸ ಗಾಳಿಯನ್ನು ಸದ್ಯಕ್ಕೆ ಅಲ್ಲಿಂದಲೇ ತೆಗೆದುಕೊಳ್ಳಿ. ಹಾಲ್ ಒಳಗೆ 25 ಜನಕ್ಕಿಂತ ಜಾಸ್ತಿ ಬಿಡಬೇಡಿ. ಮಂಜು ಪೂರ್ತಿ ಹೋಗುವುದಿಲ್ಲ, ಇಳಿಯುತ್ತದೆ. ಎದುರಿನ ಗೋಡೆ ಕಾಣದಷ್ಟು ಮಂಜಿದ್ದ ದಿನ ಬ್ಯಾಚ್ ರದ್ದು ಮಾಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಐಸ್ ಕರಗಿಸಿ ಮುಚ್ಚುವುದೂ ಒಂದು ದಾರಿ. ಅದರಲ್ಲಿ ಅವಮಾನ ಏನಿಲ್ಲ. ಶಿಮ್ಲಾದ ಹಳೆಯ ಬಯಲು ರಿಂಕ್ ಚಳಿಗಾಲದ ಕೆಲವೇ ವಾರ ನಡೆಯುತ್ತದೆ.

ಕೊಳ್ಳುವ ಮೊದಲು ಒಂದು ವಾರ ಅಳತೆ ತೆಗೆಯಿರಿ. ಡ್ಯೂ ಪಾಯಿಂಟ್ ದಾಖಲಿಸುವ ಚಿಕ್ಕ ಲಾಗರ್ ಮೂರು ಸಾಕು: ಹೊರಗೆ ಒಂದು, ಐಸ್‌ನಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಒಂದು, ಚಾವಣಿಯ ಹತ್ತಿರ ಒಂದು. ಚಾವಣಿಯ ಮೈ ಡ್ಯೂ ಪಾಯಿಂಟ್‌ಗಿಂತ ಕನಿಷ್ಠ 2 ಡಿಗ್ರಿ ಬೆಚ್ಚಗಿರಬೇಕು. ಅದನ್ನು ನೋಡಲು ಥರ್ಮಾಮೀಟರ್ ಗನ್ ಬಳಸುವಾಗ ಹೊಳೆಯುವ ಶೀಟಿಗೆ ನೇರ ಹಿಡಿಯಬೇಡಿ. ಅದು ಕನ್ನಡಿಯ ಹಾಗೆ ಐಸ್‌ನ ಅಂಕಿಯನ್ನೇ ತೋರಿಸುತ್ತದೆ. ಒಂದು ತುಂಡು ಕಪ್ಪು ಟೇಪ್ ಅಂಟಿಸಿ, ಅದರ ಮೇಲೆ ಹಿಡಿಯಿರಿ.

ಆಮೇಲೆ ಕಂಟ್ರಾಕ್ಟರ್‌ಗೆ ಆರ್ಡರ್ ಕೊಡುವಾಗ ಅದರಲ್ಲಿ ಶೇಕಡಾ ಹ್ಯುಮಿಡಿಟಿ ಬೇಡ, ದಿನಕ್ಕೆ ಇಷ್ಟು ಲೀಟರ್ ಅನ್ನುವುದೂ ಬೇಡ. ಹೀಗೆ ಬರೆಸಿ: ಹೊರಗೆ 28 ಡಿಗ್ರಿ, ಶೇ. 90 ಇದ್ದಾಗ, ಒಳಗೆ 60 ಜನ ಇದ್ದಾಗ, ಐಸ್‌ನಿಂದ ಒಂದೂವರೆ ಮೀಟರ್ ಮೇಲೆ ಡ್ಯೂ ಪಾಯಿಂಟ್ 3 ಡಿಗ್ರಿ ಮೀರಬಾರದು. ಪರೀಕ್ಷೆ ಜುಲೈ ತಿಂಗಳಲ್ಲೇ ಆಗಬೇಕು. ಕೊನೆಯ ಕಂತಿನ ಹಣ ಆ ಪರೀಕ್ಷೆ ಪಾಸಾದ ಮೇಲೆ.